ತಕ್ಕಡಿ ಪಕ್ಕದಲ್ಲಿಟ್ಟುಕೊಂಡು ಕಟ್ಟುವ ಪುಷ್ಪಕ್

(ಬೆಂಗಳೂರಿನ ಬಸವನಗುಡಿಯಲ್ಲಿ ಮಾದರಿ ವಿಮಾನ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕಿಟ್ ತಂದು ಜೋಡಿಸುವವರಿಗೆ ಒಂದು ಅನುಕೂಲ ಇದೆ. ಎಲ್ಲಿ ಯಾವ ಮರ, ಎಷ್ಟು ದಪ್ಪ, ವಿಮಾನ ಸಮತೂಕದಲ್ಲಿ ನಿಲ್ಲುವ ಬಿಂದು, ಅಂದರೆ ಗುರುತ್ವ ಕೇಂದ್ರ, ಎಲ್ಲಿ ಎಂಬುದನ್ನೆಲ್ಲ ಬೇರೆ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಬರಿಗೈಯಿಂದ ಶುರುಮಾಡಿ, ಅಂದರೆ ಸ್ಕ್ರ್ಯಾಚ್ ಬಿಲ್ಡ್ ಮಾಡಿ, ರೇಡಿಯೊದಿಂದ ಹಾರಿಸುವ ದೊಡ್ಡ ಮಾದರಿ ವಿಮಾನ ಕಟ್ಟುವವರಿಗೆ ಆ ತೀರ್ಮಾನಗಳೆಲ್ಲ ತಮ್ಮ ತಲೆಮೇಲೆಯೇ. ಆ ತೀರ್ಮಾನಗಳಲ್ಲಿ ಹೆಚ್ಚಿನವು ತೂಕಕ್ಕೆ ಸಂಬಂಧಿಸಿದವು. ಅದಕ್ಕೇ ಇವತ್ತು ಗರಗಸಕ್ಕಿಂತ ತಕ್ಕಡಿಯ ಮಾತು ಹೆಚ್ಚು ಬರುತ್ತದೆ.

ಉದಾಹರಣೆಗೆ ನಮ್ಮೂರಿನದೇ ವಿಮಾನ ತೆಗೆದುಕೊಳ್ಳೋಣ: ಎಚ್‌ಎಎಲ್ ತಯಾರಿಸಿದ ಪುಷ್ಪಕ್. 1958ರಲ್ಲಿ ಮೊದಲ ಹಾರಾಟ. ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಆಧರಿಸಿದ ವಿನ್ಯಾಸ. ಪಕ್ಕಪಕ್ಕದಲ್ಲಿ ಎರಡು ಸೀಟು, ಮೇಲ್ಗಡೆ ರೆಕ್ಕೆ, ಅದಕ್ಕೆ ಆಸರೆಯ ಸ್ಟ್ರಟ್, ಬಾಲದಲ್ಲಿ ಚಿಕ್ಕ ಚಕ್ರ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರಾಟ ಕಲಿತದ್ದು ಇದರಲ್ಲೇ. ದೊಡ್ಡ ಮಾದರಿ ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ. ರೆಕ್ಕೆ ಬುಡದಿಂದ ತುದಿಯವರೆಗೂ ಒಂದೇ ಅಗಲ, ಆದ್ದರಿಂದ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳಾದ ರಿಬ್‌ಗಳೆಲ್ಲ ಒಂದೇ ಅಚ್ಚು. ಚಕ್ರ ಮಡಿಸುವ ಗೋಜಿಲ್ಲ. ಮೈಯೆಲ್ಲ ಬಟ್ಟೆ.

ನಿಜವಾದ ಪುಷ್ಪಕ್‌ನ ರೆಕ್ಕೆ ತುದಿಯಿಂದ ತುದಿಗೆ 10.97 ಮೀಟರ್, ಉದ್ದ 6.4 ಮೀಟರ್, ರೆಕ್ಕೆಯ ವಿಸ್ತೀರ್ಣ 16.26 ಚದರ ಮೀಟರ್, ತುಂಬಿದ ತೂಕ 612 ಕಿಲೊ. ನಾವು ಕಟ್ಟುವುದು ಇದರ ಕಾಲು ಅಳತೆಯ ಮಾದರಿ. ಅಳತೆ ನಾಲ್ಕರಲ್ಲಿ ಒಂದು ಪಾಲಾದರೆ ರೆಕ್ಕೆ 2.74 ಮೀಟರ್, ಉದ್ದ 1.6 ಮೀಟರ್. ವಿಸ್ತೀರ್ಣ ಹದಿನಾರರಲ್ಲಿ ಒಂದು ಪಾಲು, ಅಂದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ತೂಕ ಮಾತ್ರ ಅರವತ್ತನಾಲ್ಕರಲ್ಲಿ ಒಂದು ಪಾಲಾಗಬೇಕು: 9.56 ಕಿಲೊ. ಈ ತೂಕಕ್ಕೆ ಕಟ್ಟಿದರೆ ಮಾದರಿಯ ವೇಗ ನಿಜ ವಿಮಾನದ ಅರ್ಧಕ್ಕೆ ಬರುತ್ತದೆ, ಆಗ ಆಕಾಶದಲ್ಲಿ ಅದರ ನಡೆ ನಿಜದಂತೆ ಕಾಣುತ್ತದೆ. ನಾವು ಇಟ್ಟುಕೊಳ್ಳಬೇಕಾದ ಗುರಿ 9 ಕಿಲೊ. ಅರ್ಧ ಕಿಲೊ ಕೈಯಲ್ಲಿರಲಿ, ಅದು ಹೇಗೂ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಹಾರಿಸುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿ 1.225 ಕಿಲೊ ತೂಗಿದರೆ, ಇಲ್ಲಿ ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿ ಬಿಸಿಲಲ್ಲಿ ಸುಮಾರು 1.03 ಕಿಲೊ. ಅಂದರೆ ಗಾಳಿ ಶೇ. 16ರಷ್ಟು ತೆಳು. 9 ಕಿಲೊದ ಪುಷ್ಪಕ್ ಮಂಗಳೂರಿನ ಕಡಲ ದಂಡೆಯಲ್ಲಿ ಗಂಟೆಗೆ 38 ಕಿ.ಮೀ. ಆಸುಪಾಸಿನಲ್ಲಿ ಸ್ಟಾಲ್ ಆದರೆ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ), ಇಲ್ಲಿ ಆ ಹೊತ್ತಿನಲ್ಲಿ 41ಕ್ಕೇ ಆಗುತ್ತದೆ. ತೂಕ 11 ಕಿಲೊ ಆಯಿತೋ, 45. ಓದುವಾಗ ಏಳು ಕಿ.ಮೀ. ದೊಡ್ಡದೆನಿಸುವುದಿಲ್ಲ. ಇಳಿಯುವಾಗ ನೆಲಕ್ಕೆ ತಾಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಜೊತೆಗೆ ತೂಕವೂ ಏರಿದೆ. ಎರಡೂ ಸೇರಿದರೆ ಚಕ್ರದ ಕಾಲು, ಅದನ್ನು ಹಿಡಿದ ಪ್ಲೈ ತಟ್ಟೆ, ಸ್ಟ್ರಟ್‌ನ ಬೋಲ್ಟ್ ಎಲ್ಲವುಗಳ ಮೇಲೆ ಹೊರೆ ಎಷ್ಟು ಹೆಚ್ಚುತ್ತದೆಂದು ನೀವೇ ಗುಣಿಸಿ ನೋಡಿ.

ಆದ್ದರಿಂದ ಮರ ಕೊಯ್ಯುವ ಮೊದಲು ಒಂದು ಪುಸ್ತಕದಲ್ಲಿ ತೂಕದ ಬಜೆಟ್ ಬರೆಯಿರಿ. ಈ ವಿಮಾನಕ್ಕೆ ಅದು ಹೀಗಿರಬಹುದು: ರೆಕ್ಕೆಗಳ ಮರದ ಚೌಕಟ್ಟು 2.1 ಕಿಲೊ, ಒಡಲು 1.4, ಬಾಲ 0.35, ಚಕ್ರ ಮತ್ತು ಕಾಲು 0.75, ಮೋಟಾರ್, ಸ್ಪೀಡ್ ಕಂಟ್ರೋಲರ್, ಬ್ಯಾಟರಿ, ಪ್ರೊಪೆಲರ್ ಸೇರಿ 2.45, ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಮತ್ತು ರಿಸೀವರ್ ಭಾಗ 0.65, ಸ್ಟ್ರಟ್ 0.3, ಬಟ್ಟೆ ಮತ್ತು ಬಣ್ಣ 0.7, ಕೌಲ್ (ಮೂತಿಯ ಮುಚ್ಚಳ), ಕಿಟಕಿ, ಒಳಾಂಗಣ 0.3. ಒಟ್ಟು 9. ಪ್ರತಿ ಭಾಗ ಮುಗಿದಾಗಲೂ ತೂಗಿ ಪಕ್ಕದಲ್ಲಿ ಬರೆಯಿರಿ. ಅಡುಗೆಮನೆಯ 5 ಕಿಲೊ ಡಿಜಿಟಲ್ ತಕ್ಕಡಿ ಸಾಕು. ಹನಿಗೂಡಿದರೆ ಹಳ್ಳ ಎನ್ನುವುದು ಇಲ್ಲಿ ಗ್ರಾಂ ಗ್ರಾಂಗೂ ಸತ್ಯ.

ಅದರಲ್ಲೂ ಬಾಲದ ಗ್ರಾಂ ಬೇರೆಯದೇ. ಪುಷ್ಪಕ್‌ನ ಮೂತಿ ಗಿಡ್ಡ. ಕಾಲು ಅಳತೆಯ ನಕ್ಷೆಯಲ್ಲಿ ಗುರುತ್ವ ಕೇಂದ್ರದಿಂದ ಮೋಟಾರಿಗೆ ಮೂವತ್ತು ಚಿಲ್ಲರೆ ಸೆಂ.ಮೀ. ಬಂದರೆ, ಹಿಂದಕ್ಕೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಕಂಬಕ್ಕೆ ಒಂದು ಮೀಟರಿಗೂ ಹೆಚ್ಚು. ಅಂದರೆ ಬಾಲದಲ್ಲಿ ಬೇಡದ 100 ಗ್ರಾಂ ಕೂತರೆ ಮೂತಿಗೆ 300 ಗ್ರಾಂ ಸೀಸ ಕಟ್ಟಬೇಕು. ವಿಮಾನ ಭಾರವಾದದ್ದು ನೂರಲ್ಲ, ನಾನೂರು. ಹಾಗಾಗಿ ಬಾಲಕ್ಕೆ ಕೈಗೆ ಸಿಕ್ಕ ಮರ ಹಾಕಬೇಡಿ. ತಂದ ಬಾಲ್ಸಾದಲ್ಲಿ, ಅಂದರೆ ಮಾದರಿಗಳಿಗೆ ಬಳಸುವ ಹಗುರ ಮರದಲ್ಲಿ, ಅತಿ ಹಗುರಾದದ್ದನ್ನು ಮೊದಲೇ ಆರಿಸಿ 'ಬಾಲ' ಎಂದು ಬರೆದು ಬೇರೆ ಇಡಿ. ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಮತ್ತು ರಡ್ಡರ್‌ನ ಸರ್ವೊಗಳು ಕ್ಯಾಬಿನ್ನಿನಲ್ಲೇ ಇರಲಿ. ರಡ್ಡರಿಗೆ ಎರಡೂ ಬದಿಯಿಂದ ಎಳೆಯುವ ತೆಳು ಉಕ್ಕಿನ ಕೇಬಲ್, ಎಲಿವೇಟರಿಗೆ ಕಾರ್ಬನ್ ಕೊಳವೆಯ ಪುಶ್‌ರಾಡ್.

ಈಗ ಮರದ ವಿಷಯ. ಬಾಲ್ಸಾ ನಮ್ಮಲ್ಲಿ ಹೊರದೇಶದಿಂದ ಬರುವುದು, ಬೆಲೆಯೂ ಹಾಗೇ ಇರುತ್ತದೆ. 3 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ಹಲಗೆಯ ಗಾತ್ರ ಸುಮಾರು 275 ಘನ ಸೆಂ.ಮೀ. ಹಗುರ ಮರವಾದರೆ ಅದು 33 ಗ್ರಾಂ ತೂಗುತ್ತದೆ, ಗಟ್ಟಿ ಮರವಾದರೆ 55. ನೋಡಲು ಎರಡೂ ಒಂದೇ. ಅಂಗಡಿಗೆ ಚಿಕ್ಕ ತಕ್ಕಡಿ ಕೊಂಡೊಯ್ಯಿರಿ, ಸಂಕೋಚ ಬೇಡ. ಜೊತೆಗೆ ಎಳೆಯನ್ನೂ ನೋಡಿ. ಮೇಲ್ಮೈಯಲ್ಲಿ ಮೀನಿನ ಹೊಳಪಿನಂಥ ಚುಕ್ಕೆಗಳಿರುವ ಹಲಗೆ ಅಡ್ಡಕ್ಕೆ ಬಾಗುವುದಿಲ್ಲ, ಅದು ರಿಬ್‌ಗೆ. ಉದ್ದ ಗೆರೆಗಳಿದ್ದು ಅಡ್ಡಕ್ಕೆ ಸುಲಭವಾಗಿ ಸುರುಳಿಯಾಗುವ ಹಲಗೆ ರೆಕ್ಕೆಯ ಮುಂಚೂಣಿಗೆ, ಅಂದರೆ ಮುಂದಿನ ಅಂಚಿಗೆ, ಸುತ್ತಲು. ಇವೆರಡನ್ನು ಅದಲುಬದಲು ಮಾಡಿದರೆ ರಿಬ್ ಸೊಟ್ಟಗಾಗುತ್ತದೆ, ಸುತ್ತುವ ಹಲಗೆ ಸೀಳುತ್ತದೆ.

ರಿಬ್‌ಗಳಿಗೆ ತೂತು ಕೊರೆಯುವುದನ್ನು ಹಲವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಲೆಕ್ಕ ಹಾಕೋಣ. ರೆಕ್ಕೆಯ ಅಗಲ 37 ಸೆಂ.ಮೀ., ದಪ್ಪ 12 ಪ್ರತಿಶತ, ಅಂದರೆ 44 ಮಿ.ಮೀ. ಹಗುರ ಬಾಲ್ಸಾದ ಒಂದು ರಿಬ್ 4 ಗ್ರಾಂ, ಗಟ್ಟಿ ಬಾಲ್ಸಾದ್ದು 6.6. ಎರಡೂ ರೆಕ್ಕೆಗೆ 36 ರಿಬ್. ತೂತು ಕೊರೆದರೆ ಒಂದಕ್ಕೆ ಒಂದು ಗ್ರಾಂ ಉಳಿಯಬಹುದು, ಒಟ್ಟು 36 ಗ್ರಾಂ. ಸರಿಯಾದ ಮರ ಆರಿಸಿದರೆ ಸುಮಾರು 95 ಗ್ರಾಂ ಉಳಿಯುತ್ತದೆ, ಅದೂ ಬಲ ಕಳೆದುಕೊಳ್ಳದೆ. ತೂತು ಕೊರೆಯುವ ಸಂಜೆಯನ್ನು ಅಂಗಡಿಯಲ್ಲಿ ಕಳೆಯುವುದು ಮೇಲು.

ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗಿ ಹೊರೆ ಹೊರುವ ಪಟ್ಟಿಗೆ) ಬಾಲ್ಸಾ ಸಾಲದು. ಹೊರದೇಶದವರು ಸ್ಪ್ರೂಸ್ ಬಳಸುತ್ತಾರೆ, ನಮಗೆ ಒಳ್ಳೆಯ ಪೈನ್ ಸಾಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ ಪೈನ್ ಸಿಗುತ್ತದೆ, ಆದರೆ ಆರಿಸುವ ಕೆಲಸ ನಿಮ್ಮದು. ಗಂಟು ಇರಬಾರದು. ಎಳೆ ನೇರವಿದೆಯೇ ಎಂದು ತಿಳಿಯಲು ತುದಿಯಿಂದ ಒಂದು ಚೂರನ್ನು ಉಳಿಯಿಂದ ಸೀಳಿ. ಸೀಳು ಅಂಚಿಗೆ ಸಮನಾಗಿ ಹೋದರೆ ಒಳ್ಳೆಯದು. ಹದಿನೈದು ಸೆಂ.ಮೀ.ಗೆ ಒಂದು ಸೆಂ.ಮೀ.ಗಿಂತ ಹೆಚ್ಚು ಓರೆಯಾದರೆ ಆ ಪಟ್ಟಿ ಸ್ಪಾರ್‌ಗೆ ಬೇಡ. ಮುರಿಯುವಾಗ ಅದು ಆ ಓರೆಯಲ್ಲೇ ಜಾರಿ ಮುರಿಯುತ್ತದೆ.

ಎಷ್ಟು ದಪ್ಪ ಬೇಕು? ನಾಲ್ಕು ಜಿ ಹೊರೆಗೆ, ಅಂದರೆ ವಿಮಾನದ ತೂಕದ ನಾಲ್ಕು ಪಟ್ಟಿಗೆ, ಲೆಕ್ಕ ಮಾಡೋಣ, ಸ್ಟ್ರಟ್‌ನ ಸಹಾಯ ಸೇರಿಸದೆ. 9 ಕಿಲೊ ನಾಲ್ಕು ಪಟ್ಟಾದರೆ 36, ಒಂದು ಬದಿಗೆ 18. ಅದು ಬುಡದಿಂದ ಸರಾಸರಿ 60 ಸೆಂ.ಮೀ. ದೂರದಲ್ಲಿ ಮೇಲಕ್ಕೆ ತಳ್ಳುತ್ತದೆ. ಬುಡದಲ್ಲಿ ಬಾಗುವ ಬಲ ಸುಮಾರು 106 ನ್ಯೂಟನ್ ಮೀಟರ್. ಸ್ಪಾರ್‌ನ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ನಡುಮಧ್ಯದ ಅಂತರ 32 ಮಿ.ಮೀ. ಇಟ್ಟರೆ ಒಂದೊಂದು ಪಟ್ಟಿಯೂ 3,300 ನ್ಯೂಟನ್ ಹೊರಬೇಕು. 15 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪಟ್ಟಿಯಲ್ಲಿ ಚದರ ಮಿ.ಮೀ.ಗೆ 22 ನ್ಯೂಟನ್. ಗಂಟಿಲ್ಲದ ಒಣ ಪೈನ್ ಇದನ್ನು ನೆಮ್ಮದಿಯಾಗಿ ತಡೆಯುತ್ತದೆ. ಈ ದಪ್ಪ ಬುಡದಲ್ಲಿ ಮಾತ್ರ ಬೇಕು. ಅರ್ಧದಿಂದಾಚೆಗೆ ಅಗಲವನ್ನು ನಿಧಾನ ಇಳಿಸುತ್ತ ತುದಿಯಲ್ಲಿ 6 ಮಿ.ಮೀ.ಗೆ ತನ್ನಿ.

ಪಟ್ಟಿಗಳಿಗಿಂತ ಹೆಚ್ಚಾಗಿ ಜನ ತಪ್ಪುವುದು ಅವುಗಳ ನಡುವಿನ ವೆಬ್‌ನಲ್ಲಿ. ಎರಡು ರಿಬ್‌ಗಳ ನಡುವೆ ತುಂಬುವ 3 ಮಿ.ಮೀ. ಬಾಲ್ಸಾದ ಎಳೆ ನೆಟ್ಟಗೆ ನಿಂತಿರಬೇಕು. ಕೊಯ್ಯಲು ಸುಲಭವೆಂದು ಎಳೆ ಅಡ್ಡ ಇಟ್ಟರೆ ಮೇಲಿನ ಪಟ್ಟಿ ಒತ್ತಡಕ್ಕೆ ಸಿಕ್ಕಿ ಒಳಕ್ಕೆ ಬಾಗುವಾಗ ತಡೆಯುವವರಿಲ್ಲ. ರೆಕ್ಕೆ ಆಕಾಶದಲ್ಲಿ ಮಡಚಿಕೊಳ್ಳುವುದು ಸಾಮಾನ್ಯವಾಗಿ ಹೀಗೆ. ಪಟ್ಟಿ ತುಂಡಾಗಿ ರೆಕ್ಕೆ ಮಡಚಿದ್ದು ಅಪರೂಪ. ಬುಡದ ಮೂರು ಕೋಣೆಗಳಿಗೆ ಬಾಲ್ಸಾ ಬದಲು 1.5 ಮಿ.ಮೀ. ಬರ್ಚ್ ಪ್ಲೈ ಹಾಕಿ. ಹಾರ್ಡ್‌ವೇರ್ ಅಂಗಡಿಯ ಕಮರ್ಷಿಯಲ್ ಪ್ಲೈ ಇಲ್ಲಿ ಬೇಡವೇ ಬೇಡ. ಅದರ ನಡುವಿನ ಪದರದಲ್ಲಿ ಪೊಳ್ಳು ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ರೆಕ್ಕೆಗಳನ್ನು ಒಡಲಿಗೆ ಸೇರಿಸಲು 25 ಮಿ.ಮೀ. ಹೊರವ್ಯಾಸ, 1.5 ಮಿ.ಮೀ. ದಪ್ಪದ 6061-ಟಿ6 ಅಲ್ಯೂಮಿನಿಯಂ ಕೊಳವೆ ಸಾಕು. ಬಾಗಿಲು, ಪರದೆಗೆ ಬಳಸುವ ಕೊಳವೆ ಬೇರೆ ಮಿಶ್ರಲೋಹ, ಮೊದಲ ಗಡುಸು ಇಳಿತದಲ್ಲೇ ಬಾಗುತ್ತದೆ.

ಕಟ್ಟುವ ಮೇಜಿಗೆ ಒಂದು ಸುಲಭ ದಾರಿ ಇದೆ. ಏಳಡಿ ಉದ್ದ, ಮೂರಡಿ ಅಗಲದ ಫ್ಲಶ್ ಡೋರ್ ತಂದು ಬಡಗಿಗಳು ಬಳಸುವ ಎರಡು ಮರದ ಕುದುರೆಗಳ (ಸ್ಟ್ಯಾಂಡ್) ಮೇಲೆ ಮಲಗಿಸಿ, ಮೇಲೆ ಗುಂಡುಪಿನ್ ಚುಚ್ಚಲು ಸಾಫ್ಟ್‌ಬೋರ್ಡ್ ಹಾಸಿ. ಸೊಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರ ನೀರಿನ ಪೈಪೇ ಸಾಕು. ನಾಲ್ಕು ಮೂಲೆಯಲ್ಲೂ ನೀರು ಒಂದೇ ಎತ್ತರಕ್ಕೆ ಬರುವವರೆಗೆ ಕಾಲಿನಡಿ ಕಾಗದ ಮಡಚಿ ಇಡಿ. ಮೇಜು ತಿರುಚಿದ್ದರೆ ರೆಕ್ಕೆ ತಿರುಚುತ್ತದೆ. ತಿರುಚಿದ ರೆಕ್ಕೆಯನ್ನು ಬಟ್ಟೆ ಎಳೆದು ಸರಿಮಾಡಬಹುದೆಂಬ ನಂಬಿಕೆ ಸಣ್ಣ ಮಾದರಿಗಳಿಂದ ಬಂದದ್ದು. ಈ ಗಾತ್ರದಲ್ಲಿ ಅದು ನಡೆಯುವುದಿಲ್ಲ.

ರಿಬ್ ಕೊಯ್ಯಲು 3 ಮಿ.ಮೀ. ಪ್ಲೈನಲ್ಲಿ ಒಂದೇ ತೆರನಾದ ಎರಡು ಅಚ್ಚು ಮಾಡಿ. ಆಕಾರ ನಾಕಾ 4412 ಅಥವಾ ಕ್ಲಾರ್ಕ್ ವೈ (ಎರಡೂ ರೆಕ್ಕೆಯ ಅಡ್ಡಕೊಯ್ತದ ಸಿದ್ಧ ಆಕಾರಗಳು). ಹತ್ತು ಹನ್ನೆರಡು ಬಾಲ್ಸಾ ತುಂಡುಗಳನ್ನು ಎರಡು ಅಚ್ಚುಗಳ ನಡುವೆ ಬೋಲ್ಟಿನಿಂದ ಬಿಗಿದು ಒಟ್ಟಿಗೆ ತೀಡಿ. ಒಂದು ಹಲಗೆಯಲ್ಲಿ ನಾಲ್ಕು ರಿಬ್ ಬರುತ್ತವೆ. ಒಂಬತ್ತು ಹಲಗೆ ಬೇಕು, ಹನ್ನೊಂದು ತನ್ನಿ. ಪೀಣ್ಯದ ಕಡೆ ಲೇಸರ್‌ನಲ್ಲಿ ಕೊಯ್ಸುವುದೂ ಆಗುತ್ತದೆ. ಆಗ ಸುಟ್ಟು ಕಪ್ಪಾದ ಅಂಚನ್ನು ಅಂಟುವ ಜಾಗದಲ್ಲಿ ಲಘುವಾಗಿ ತೀಡಬೇಕು, ಇಲ್ಲದಿದ್ದರೆ ಅಂಟು ಇದ್ದಿಲಿಗೆ ಹಿಡಿಯುತ್ತದೆಯೇ ಹೊರತು ಮರಕ್ಕಲ್ಲ.

ಜೋಡಿಸುವಾಗ ಕ್ರಮ ಮುಖ್ಯ. ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೆಳಗಿನ ಸ್ಪಾರ್, ನಂತರ ರಿಬ್, ಮೇಲಿನ ಸ್ಪಾರ್, ವೆಬ್, ಮುಂಚೂಣಿ. ಈ ಹಂತದಲ್ಲೇ ತುದಿಯ ಹಿಂಅಂಚನ್ನು 13 ಮಿ.ಮೀ. ಎತ್ತಿ ಕೆಳಗೆ ಬೆಣೆ ಇಡಿ. ಬುಡದಲ್ಲಿ ಸೊನ್ನೆ, ತುದಿಯಲ್ಲಿ 13, ನಡುವೆ ಸಮನಾಗಿ. ಇದು ಎರಡು ಡಿಗ್ರಿ ವಾಶ್‌ಔಟ್: ವೇಗ ತಗ್ಗಿದಾಗ ಬುಡ ಮೊದಲು ಸ್ಟಾಲ್ ಆಗಿ, ತುದಿಯಲ್ಲಿ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿ) ಇನ್ನೂ ಕೆಲಸ ಮಾಡುತ್ತಿರುತ್ತದೆ. ಮುಂಚೂಣಿಯಿಂದ ಸ್ಪಾರ್‌ವರೆಗೆ ಮೇಲೂ ಕೆಳಗೂ 2 ಮಿ.ಮೀ. ಬಾಲ್ಸಾ ಹೊದಿಸಿದಾಗ ಅದೊಂದು ಮುಚ್ಚಿದ ಕೊಳವೆಯಾಗುತ್ತದೆ. ಕೊಳವೆ ಮುಚ್ಚುವವರೆಗೆ ರೆಕ್ಕೆಯನ್ನು ಹೇಗೆ ಬೇಕಾದರೂ ತಿರುಚಬಹುದು. ಮುಚ್ಚಿದ ಮೇಲೆ ಆ ತಿರುವು ಶಾಶ್ವತ. ಮೇಲಿನ ಹೊದಿಕೆ ಹಾಕಿ, ರೆಕ್ಕೆಯನ್ನು ಮೇಜಿನಿಂದ ಎತ್ತಿ, ಕೈಯಲ್ಲಿ ಹಿಡಿದು ಕೆಳಗಿನದನ್ನು ಅಂಟಿಸುವುದೇ ದೊಡ್ಡ ತಪ್ಪು. ರಿಬ್ ಕೊಯ್ಯುವಾಗಲೇ ಅಡಿಗೆ ಪುಟ್ಟ ಕಾಲುಗಳನ್ನು ಬಿಟ್ಟರೆ, ರೆಕ್ಕೆಯನ್ನು ಮತ್ತೆ ಅದೇ ಭಂಗಿಯಲ್ಲಿ ಕೂರಿಸಿ ಕೆಳಗಿನ ಹೊದಿಕೆ ಮುಗಿಸಬಹುದು. ಆಮೇಲೆ ಕಾಲು ಕತ್ತರಿಸಿ.

ಅಂಟಿನ ಬಗ್ಗೆ ಚಿಕ್ಕದಾಗಿ. ಮರಕ್ಕೆ ಮರ ಸೇರುವಲ್ಲಿ ನೀರು ತಡೆಯುವ ಬಿಳಿ ಅಂಟು. ಸೂಪರ್ ಗ್ಲೂ ಹಿಡಿದುಕೊಳ್ಳಲು ಮಾತ್ರ, ಹೊರೆ ಹೊರುವ ಕೀಲಿಗೆ ಬೇಡ. ಅದು ಪೆಡಸು, ಅದುರಿದರೆ ಬಿರಿಯುತ್ತದೆ. ಮೋಟಾರ್ ಕೂರುವ 6 ಮಿ.ಮೀ. ಬರ್ಚ್ ಪ್ಲೈ ಫೈರ್‌ವಾಲ್, ಚಕ್ರದ ಕಾಲಿನ ತಟ್ಟೆ, ಸ್ಟ್ರಟ್‌ನ ಹಿಡಿಕೆ ಇವಕ್ಕೆಲ್ಲ 24 ಗಂಟೆ ತೆಗೆದುಕೊಳ್ಳುವ ಎಪಾಕ್ಸಿ. ಐದು ನಿಮಿಷದ ಎಪಾಕ್ಸಿ ಬಿಸಿಗೆ ಬೇಗ ಮೆತ್ತಗಾಗುತ್ತದೆ, ಬಲವೂ ಕಡಿಮೆ. ಫೈರ್‌ವಾಲ್ ಅಂಟಿಸಿದ ಮೇಲೆ ಬದಿಯಿಂದ 3 ಮಿ.ಮೀ. ತೂತು ಕೊರೆದು, ಎಪಾಕ್ಸಿ ಸವರಿದ ಬಿದಿರು ಕಡ್ಡಿಗಳನ್ನು ಮೊಳೆಯ ಹಾಗೆ ಹೊಡೆಯಿರಿ. ಹಾರುವಾಗ ಮೋಟಾರ್ ಕಿತ್ತುಬರುವುದಕ್ಕಿಂತ ಕೆಟ್ಟದ್ದು ಇಲ್ಲ: ಮೂತಿಯ ತೂಕ ಹೋಯಿತೆಂದರೆ ವಿಮಾನಕ್ಕೆ ಸಮತೋಲವೇ ಇರುವುದಿಲ್ಲ.

ಬಟ್ಟೆಯ ಕೆಲಸ ಮಾಡುವ ಮೊದಲು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿರುವ ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿಯನ್ನು ಒಮ್ಮೆ ನೋಡಿ ಬನ್ನಿ. ರಿಬ್‌ಗಳ ಮೇಲೆ ಬಟ್ಟೆ ಹೇಗೆ ಕೂರುತ್ತದೆ, ಎರಡು ರಿಬ್ ನಡುವೆ ಹೇಗೆ ತುಸು ಒಳಕ್ಕೆ ಬಾಗುತ್ತದೆ ಎಂಬುದನ್ನು ಚಿತ್ರದಲ್ಲಿ ನೋಡಿ ಕಲಿಯಲಾಗದು. ಈ ವಿಮಾನದ ಒಟ್ಟು ಮೇಲ್ಮೈ ನಾಲ್ಕು ಚದರ ಮೀಟರ್‌ಗೆ ಹತ್ತಿರ. ಬಿಸಿಗೆ ಕುಗ್ಗುವ ಪಾಲಿಯೆಸ್ಟರ್ ಬಟ್ಟೆ ಇಸ್ತ್ರಿಯಿಂದ ಹಾಕಿ, ಬಣ್ಣವನ್ನು ತೆಳುವಾಗಿ ಎರಡು ಸಲ ಮಾತ್ರ ಸಿಂಪಡಿಸಿದರೆ 700 ಗ್ರಾಂ ಒಳಗೆ ಮುಗಿಯುತ್ತದೆ. ಬ್ರಷ್ಷಿನಿಂದ ಬಳಿದರೆ ಇನ್ನು 300–400 ಗ್ರಾಂ ಗೊತ್ತಾಗದಂತೆ ಸೇರುತ್ತದೆ. ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಲೇಪ) ಹಚ್ಚುವವರು ಮಳೆಗಾಲ ತಪ್ಪಿಸಿ. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ.

ಮೋಟಾರ್ ವಿಚಾರದಲ್ಲಿ ನಗರದವರಿಗೆ ವಿದ್ಯುತ್ತೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹನ್ನೆರಡು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 200 ಕೆವಿ (ವೋಲ್ಟಿಗೆ ನಿಮಿಷಕ್ಕೆ 200 ಸುತ್ತು) ಆಸುಪಾಸಿನ ಮೋಟಾರ್, 20×10 ಇಂಚಿನ ಪ್ರೊಪೆಲರ್, ಪೂರ್ತಿ ತೆರೆದಾಗ ಎರಡು ಕಿಲೊವ್ಯಾಟ್. ಕಿಲೊಗೆ 220 ವ್ಯಾಟ್ ಬಂತು, ಪುಷ್ಪಕ್‌ಗೆ ಧಾರಾಳ. 5,000 ಎಂಎಎಚ್ ಬ್ಯಾಟರಿಯಲ್ಲಿ ಸರಾಸರಿ 20 ಆಂಪಿಯರ್ ಎಳೆದು, ಐದರಲ್ಲೊಂದು ಪಾಲು ಉಳಿಸಿಕೊಂಡರೆ 12 ನಿಮಿಷ. ಪೆಟ್ರೋಲೇ ಬೇಕೆನ್ನುವವರಿಗೆ 35 ಸಿಸಿ ಎಂಜಿನ್ ಸರಿಹೋಗುತ್ತದೆ. ಆದರೆ ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತದ್ದು. ಹಾರಿಸಿ ಬಂದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಅದರೊಳಗಿನ ರಬ್ಬರ್ ಪದರ ಗಡುಸಾಗಿ ಮುಂದಿನ ಸಲ ಎಂಜಿನ್ ಅರ್ಧ ಆಕಾಶದಲ್ಲಿ ನಿಲ್ಲುತ್ತದೆ.

ಏಲೆರಾನ್, ಎಲಿವೇಟರ್‌ಗಳ ಕೀಲಿನಲ್ಲಿ ಸಡಿಲ ಇರಕೂಡದು. ಸರ್ವೊ ಹಿಡಿದಿಟ್ಟು ಹಿಂಅಂಚನ್ನು ಬೆರಳಲ್ಲಿ ಅಲ್ಲಾಡಿಸಿ. ಒಂದು ಮಿ.ಮೀ.ಗಿಂತ ಹೆಚ್ಚು ಆಡಿದರೆ ಕೊಂಡಿ, ಹಾರ್ನ್ (ಪಟ್ಟಿಗೆ ಕೂರಿಸಿದ ಎಳೆಯುವ ತೋಳು), ಸರ್ವೊದ ಹಲ್ಲು ಮೂರನ್ನೂ ಪರೀಕ್ಷಿಸಿ. ಆ ಸಡಿಲವೇ ವೇಗ ಏರಿದಾಗ ಫ್ಲಟರ್ (ಪಟ್ಟಿ ಪಟಪಟ ಅದುರುವುದು) ಆಗುತ್ತದೆ. ಗುಂಯ್ ಎಂಬ ಸದ್ದು ಕೇಳಿದ ಒಂದೆರಡು ಸೆಕೆಂಡಿನಲ್ಲಿ ಕೀಲು ಹರಿದುಹೋಗಬಹುದು. ಸದ್ದು ಬಂದ ತಕ್ಷಣ ಥ್ರಾಟಲ್ ಇಳಿಸಿ ಮೂತಿ ಮೇಲೆತ್ತಿ. ಏಲೆರಾನ್ ಮೇಲಕ್ಕೆ 18 ಡಿಗ್ರಿ, ಕೆಳಕ್ಕೆ 9 ಮಾತ್ರ ಕೊಡಿ. ಎರಡೂ ಸಮ ಕೊಟ್ಟರೆ ಕೆಳಗಿಳಿದ ಏಲೆರಾನ್ ಗಾಳಿಯನ್ನು ಹೆಚ್ಚು ತಡೆದು ಮೂತಿಯನ್ನು ತಿರುವಿನ ಹೊರಗೆ ಎಳೆಯುತ್ತದೆ. ರಿಸೀವರ್‌ಗೆ ಎರಡು ಬೇರೆ ಬೇರೆ ಬ್ಯಾಟರಿ, ಎರಡು ಬೇರೆ ಸ್ವಿಚ್.

ಹಾರಿಸುವ ಮೊದಲು ಹೊರೆ ಪರೀಕ್ಷೆ. ಎರಡು ರೆಕ್ಕೆ ತುದಿಗಳನ್ನು ಇಬ್ಬರು ಹಿಡಿದು ಎತ್ತುವ ಪರೀಕ್ಷೆ ಗೊತ್ತಲ್ಲ, ಅದರಲ್ಲಿ ಬುಡಕ್ಕೆ ಬೀಳುವುದು ನೇರ ಹಾರಾಟದ ಎರಡು ಪಟ್ಟಿಗೆ ಸ್ವಲ್ಪ ಮೇಲೆ ಮಾತ್ರ. ಒಳ್ಳೆಯ ಪರೀಕ್ಷೆ ಹೀಗೆ: ವಿಮಾನವನ್ನು ಬೆನ್ನು ಕೆಳಗಾಗಿ ತಿರುಗಿಸಿ ಒಡಲನ್ನು ಮೆತ್ತೆಯ ಮೇಲೆ ಕೂರಿಸಿ. ನಾಲ್ಕು ಜಿಗೆ ಬೇಕಾದ 36 ಕಿಲೊದಲ್ಲಿ ರೆಕ್ಕೆ ತನ್ನನ್ನು ತಾನೇ ಹೊರುವ ಪಾಲನ್ನು ಕಳೆಯಬೇಕು. ಬಟ್ಟೆ ಸೇರಿ ರೆಕ್ಕೆ 2.5 ಕಿಲೊ ಇದ್ದರೆ ನಾಲ್ಕು ಪಟ್ಟು 10. ಉಳಿದ 26ರಲ್ಲಿ ರೆಕ್ಕೆಯ ಸ್ವಂತ ತೂಕ 2.5 ಆಗಲೇ ಕೆಳಕ್ಕೆ ಎಳೆಯುತ್ತಿದೆ. ಬದಿಗೆ 12 ಕಿಲೊ ಮರಳನ್ನು ಅರ್ಧರ್ಧ ಕಿಲೊದ ಪೊಟ್ಟಣ ಮಾಡಿ ಸ್ಪಾರ್‌ನ ಮೇಲೆ ಹರಡಿ, ಬುಡದ ಕಡೆ ತುಸು ದಟ್ಟವಾಗಿ. ಎರಡು ಬದಿಗೂ ಒಟ್ಟೊಟ್ಟಿಗೆ ಇಡುತ್ತ ಹೋಗಿ, ಚಟಪಟ ಸದ್ದಿಗೆ ಕಿವಿಗೊಡಿ. ಇಲ್ಲಿ ಸ್ಟ್ರಟ್ ಹಾಕಿಯೂ ಒಮ್ಮೆ, ಬಿಚ್ಚಿಯೂ ಒಮ್ಮೆ ನೋಡಿ.

ಗುರುತ್ವ ಕೇಂದ್ರ ಮೊದಲ ಹಾರಾಟಕ್ಕೆ ಮುಂಚೂಣಿಯಿಂದ 100 ಮಿ.ಮೀ., ಅಂದರೆ ಅಗಲದ ಶೇ. 27. ಮೋಟಾರ್ ಬಲಕ್ಕೆ ಎರಡು, ಕೆಳಕ್ಕೆ ಎರಡು ಡಿಗ್ರಿ. ಚಕ್ರಗಳ ಮೂತಿ ಒಂದೊಂದು ಡಿಗ್ರಿ ಒಳಕ್ಕೆ. ದಿನ ನವೆಂಬರ್‌ನಿಂದ ಫೆಬ್ರುವರಿಯೊಳಗಿನ ಒಂದು ಬೆಳಗ್ಗೆ. ಆಷಾಢದ ಗಾಳಿಯಲ್ಲಿ ಬಾಲಚಕ್ರದ ವಿಮಾನವನ್ನು ಮೊದಲ ಸಲ ಓಡಿಸಬೇಡಿ.

ಪ್ರಶ್ನೆಗಳು

ಇಷ್ಟು ದೊಡ್ಡದನ್ನು ಎಲ್ಲಿ ಬೇಕಾದರೂ ಹಾರಿಸಬಹುದೇ ಎಂದು ಒಬ್ಬರು ಕೇಳಿದರು. ಇಲ್ಲ. 2021ರ ಡ್ರೋನ್ ನಿಯಮಗಳು 25 ಕಿಲೊವರೆಗಿನ, ಹವ್ಯಾಸಕ್ಕೋ ಕಲಿಕೆಗೋ ಕಣ್ಣಳತೆಯಲ್ಲಿ ಹಾರಿಸುವ ಮಾದರಿಗಳನ್ನು ಬೇರೆಯಾಗಿ ಗುರುತಿಸಿ, ವಿನ್ಯಾಸಕ್ಕೆ ಪಡೆಯಬೇಕಾದ ಟೈಪ್ ಸರ್ಟಿಫಿಕೇಟ್‌ನಿಂದ ವಿನಾಯ್ತಿ ಕೊಟ್ಟಿವೆ. ಜಾಗದ ನಿಯಮದಿಂದ ವಿನಾಯ್ತಿ ಇಲ್ಲ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಹೀಗೆ ಈ ಊರಿನ ಸುತ್ತ ರನ್‌ವೇಗಳೇ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದು ನೋಡಿಯೇ ಹೊರಡಿ. ಅಲ್ಲಿ ಹಾರುವ ಎತ್ತರಕ್ಕೆ 400 ಅಡಿ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಾದರೆ 200 ಅಡಿಯೇ ಮಿತಿ. ಒಣಗಿದ ಕೆರೆಯಂಗಳ ಖಾಲಿ ಕಂಡರೂ ದನ ಮೇಯಿಸುವವರು, ಮಕ್ಕಳು ಇರುತ್ತಾರೆ. 9 ಕಿಲೊದ ವಿಮಾನವನ್ನು ಅಲ್ಲಿ ಹಾರಿಸಕೂಡದು.

ತ್ರೀಡಿ ಪ್ರಿಂಟ್ ಮಾಡಿದ ಭಾಗ ಬಳಸಬಹುದೇ? ಡ್ಯಾಶ್‌ಬೋರ್ಡ್, ಸೀಟು, ಎಂಜಿನ್ನಿನ ಅಲಂಕಾರಕ್ಕೆ ಧಾರಾಳವಾಗಿ. ಹೊರೆ ಹೊರುವಲ್ಲಿ ಪ್ರಿಂಟರಿನ ಸಾಮಾನ್ಯ ಪ್ಲಾಸ್ಟಿಕ್ ಆದ ಪಿಎಲ್‌ಎ ಬೇಡ. 60 ಡಿಗ್ರಿ ಸುಮಾರಿಗೆ ಅದು ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನಡಿ ಆ ಬಿಸಿ ಬರುವುದು ಕಷ್ಟವಲ್ಲ.

ಕೊನೆಯದಾಗಿ, ಅಪಾರ್ಟ್‌ಮೆಂಟಿನಲ್ಲಿ ಇದನ್ನು ಇಡುವುದು ಎಲ್ಲಿ, ಸಾಗಿಸುವುದು ಹೇಗೆ ಎಂಬ ಪ್ರಶ್ನೆ. ಅರ್ಧ ರೆಕ್ಕೆ 1.37 ಮೀಟರ್, ಬೀರುವಿನ ಹಿಂದೆ ನಿಲ್ಲುತ್ತದೆ. ಆದರೆ ಮೂಲೆಗೆ ಒರಗಿಸಿ ವಾರಗಟ್ಟಲೆ ಬಿಟ್ಟರೆ ತಿರುಚುತ್ತದೆ. ಗೋಡೆಗೆ ಎರಡು ಕೊಕ್ಕೆ ಬಡಿದು, ಹಳೆಯ ಕಂಬಳಿಯಲ್ಲಿ ಹೊಲಿದ ಚೀಲದಲ್ಲಿ ಹಾಕಿ, ಮುಂಚೂಣಿ ಕೆಳಗೆ ಮಾಡಿ ತೂಗುಹಾಕಿ. ನಕ್ಷೆ ಬರೆಯುವಾಗಲೇ ನಿಮ್ಮ ಕಾರಿನ ಹಿಂದಿನ ಸೀಟು ಮಡಚಿ, ಡಿಕ್ಕಿಯ ಬಾಗಿಲಿನಿಂದ ಮುಂದಿನ ಸೀಟಿನವರೆಗೆ ಟೇಪು ಹಿಡಿದು ಅಳೆಯಿರಿ. ಒಡಲು 1.6 ಮೀಟರ್ ಇದೆ. ಹಿಡಿಸದಿದ್ದರೆ ಎಲಿವೇಟರ್ ಭಾಗ ಬೋಲ್ಟಿನಲ್ಲಿ ಬಿಚ್ಚುವಂತೆಯೂ, ರಡ್ಡರ್ ಕೀಲಿನ ತಂತಿ ಎಳೆದರೆ ಕಳಚುವಂತೆಯೂ ಈಗಲೇ ಬರೆದುಕೊಳ್ಳಿ. ಬಟ್ಟೆ ಹಾಕಿದ ಮೇಲೆ ಅದನ್ನು ಮಾಡಲಾಗದು.